ದೊಡ್ಡ ಡಾಕ್ಟರ ಮಂಡಿನೋವು

ನಮ್ಮ ಮನೆಯಲ್ಲಿ ಇಬ್ಬರು ಡಾಕ್ಟರಿದ್ದರು. ಒಬ್ಬರು ನನ್ನ ಅಪ್ಪ. ಡೆಟ್ರಾಯಿಟ್‌ನ ಒಂದು ಆಸ್ಪತ್ರೆಯಲ್ಲಿ ತರಬೇತಿಯಲ್ಲಿದ್ದವರು. ಇನ್ನೊಬ್ಬರು ಸೋಮವಾರದಿಂದ ಶುಕ್ರವಾರದವರೆಗೆ ಸಂಜೆ ನಾಲ್ಕಕ್ಕೆ ಟೀವಿಯಲ್ಲಿ ಬರುತ್ತಿದ್ದ ಬೆಳ್ಳಿಕೂದಲಿನ ನಟ. ಆ ಧಾರಾವಾಹಿ ಮುಗಿದು ಎಷ್ಟೋ ಕಾಲವಾಗಿತ್ತು. ಊರಿನ ಚಾನೆಲ್ಲಿನವರು ಹಳೆಯದನ್ನೇ ತಿರುತಿರುಗಿ ಹಾಕುತ್ತಿದ್ದರು. ಆದರೆ ಮೈಸೂರಿನಿಂದ ಬಂದಿದ್ದ ನನ್ನ ಅಜ್ಜಿಗೆ ಅದೆಲ್ಲ ಆಗಷ್ಟೇ, ಅಲ್ಲೇ ಪಕ್ಕದ ಬೀದಿಯಲ್ಲಿ ನಡೆಯುತ್ತಿರುವ ಸಂಗತಿ. ನಟನ ನಿಜವಾದ ಹೆಸರನ್ನು ಮನೆಯಲ್ಲಿ ಯಾರೂ ಬಳಸುತ್ತಿರಲಿಲ್ಲ. ಅಜ್ಜಿ ಇಟ್ಟದ್ದೇ ಹೆಸರು: ಟೀವಿಯವರು ದೊಡ್ಡ ಡಾಕ್ಟ್ರು, ಅವಳ ಮಗ ಚಿಕ್ಕ ಡಾಕ್ಟ್ರು. ಅಮ್ಮನಿಗೆ ಇದು ಸರಿಬರುತ್ತಿರಲಿಲ್ಲ.

"ಹೆತ್ತ ಮಗನ್ನ ಯಾರಾದ್ರೂ ಚಿಕ್ಕೋನು ಅಂತಾರಾ ಅತ್ತೆ?"

"ಇವನಿನ್ನೂ ಕಲೀತಾ ಇದಾನೆ ಕಣೇ. ಅವರದ್ದು ಕಲ್ತಾಗಿದೆ," ಎನ್ನುತ್ತಿದ್ದಳು ಅಜ್ಜಿ, ಟೀವಿಯಿಂದ ಕಣ್ಣು ತೆಗೆಯದೆ.

ಡೆಟ್ರಾಯಿಟ್ ಪಕ್ಕದ ಲಿವೋನಿಯಾದಲ್ಲಿದ್ದ ಆ ಬಾಡಿಗೆ ಮನೆ ಕೆಂಪಿಟ್ಟಿಗೆಯದು. ಬೀದಿಯ ಮನೆಗಳೆಲ್ಲ ಒಂದೇ ತರಹ ಇದ್ದು, ಅಜ್ಜಿ ಬಂದ ಹೊಸದರಲ್ಲಿ ವಾಕಿಂಗ್ ಮುಗಿಸಿ ಸೀದಾ ಪಕ್ಕದ ಮನೆಗೆ ನುಗ್ಗಿ, ಅವರ ಅಡುಗೆಮನೆಯಲ್ಲಿ ನೀರು ಕುಡಿದು ಬಂದಿದ್ದಳು. ಮುಂದಿನ ಕೋಣೆಯಲ್ಲಿ ಕಿತ್ತಳೆ ಬಣ್ಣದ ದಪ್ಪ ಕಾರ್ಪೆಟ್ಟು, ಅದರ ಮೇಲೆ ಕಲೆಯಾಗದಿರಲೆಂದು ಹಳೆಯ ಬೆಡ್‌ಶೀಟು, ಅದಕ್ಕೆ ಕಲೆಯಾದರೆ ಅಮ್ಮನ ಬೈಗುಳ. ಟವೆಲ್ಲು ಇಡುವ ಗೂಡೇ ದೇವರ ಮನೆ. ಪಕ್ಕದಲ್ಲೇ ಹೀಟರಿನ ಕೊಳವೆ ಹೋಗಿದ್ದರಿಂದ ನಮ್ಮ ದೇವರುಗಳಿಗೆ ಚಳಿಗಾಲದ ಕಾಟವಿರಲಿಲ್ಲ. ಟೀವಿಯ ತಲೆಯ ಮೇಲೆ ಕ್ರೋಶಾ ಹಾಕಿದ ಬಟ್ಟೆ, ಬಟ್ಟೆಯ ಮೇಲೆ ಗಣಪತಿ. ಗಣಪತಿಯ ಪಾದದ ಕೆಳಗೆ ದೊಡ್ಡ ಡಾಕ್ಟರು ದಿನಾ ಒಬ್ಬರಿಗೆ ಕೆಟ್ಟ ಸುದ್ದಿ ಹೇಳುತ್ತಿದ್ದರು.

ಶನಿವಾರ ಮಧ್ಯಾಹ್ನ ಅದೇ ಚಾನೆಲ್ಲಿನಲ್ಲಿ ಕಪ್ಪುಬಿಳುಪು ಸಿನಿಮಾ. ಅವುಗಳಲ್ಲೂ ಅವರೇ ಸಿಗುತ್ತಿದ್ದರು, ತಲೆತುಂಬ ಕಪ್ಪುಕೂದಲಿನ ಹುಡುಗನಾಗಿ. ಕುದುರೆ ಸವಾರರ ಚಿತ್ರದಲ್ಲಿ ಮೊದಲ ಹತ್ತು ನಿಮಿಷಕ್ಕೇ ಗುಂಡು ತಿಂದು ಉರುಳುವವನು, ಯುದ್ಧದ ಚಿತ್ರದಲ್ಲಿ ಕ್ಯಾಪ್ಟನ್, ಒಮ್ಮೆಯಂತೂ ಶ್ರೀಮಂತ ವಿಧವೆಯ ಕತ್ತು ಹಿಸುಕುವ ಖದೀಮ. ಹೀಗೆ ಒಬ್ಬ ಮನುಷ್ಯನ ಇಡೀ ವೃತ್ತಿಜೀವನ ನಮ್ಮೆದುರು ಹಿಂದುಮುಂದಾಗಿ ನಡೆಯಿತು. ಶನಿವಾರ ಸತ್ತವರು ಸೋಮವಾರ ಬಿಳಿಕೋಟು ಹಾಕಿಕೊಂಡು ಹಾಜರು. ಅಜ್ಜಿಗೆ ಇದರಲ್ಲಿ ಏನೂ ತೊಡಕು ಕಾಣಲಿಲ್ಲ. ಕತ್ತು ಹಿಸುಕಿದ್ದಕ್ಕೆ, "ಪಾಪ, ಆಗ ಹೊಟ್ಟೆಪಾಡು," ಎಂದಳು. ಸಾಯುವುದರ ಬಗ್ಗೆ ಅವಳ ವಿವರಣೆ ಇನ್ನೂ ಚೆನ್ನಾಗಿತ್ತು.

"ಅಷ್ಟು ಸಲ ಸತ್ತು ಬಂದೋರು ಕಣೇ ಪುಟ್ಟಿ. ಅದಕ್ಕೇ ಸಾವಿನ ವಿಚಾರ ಅಷ್ಟು ನೆಟ್ಟಗೆ ಹೇಳ್ತಾರೆ."

ನೆಟ್ಟಗೆ ಹೇಳುವುದು. ಅಪ್ಪನಿಗೆ ಬಾರದೆ ಇದ್ದದ್ದು ಅದೊಂದೇ. ಆ ವರ್ಷ ನಮ್ಮ ಮನೆಯ ಅನ್ನ, ವೀಸಾ, ಅಪ್ಪನ ಮುಖದ ಕಳೆ ಎಲ್ಲವೂ ಅದೊಂದರ ಮೇಲೆ ನಿಂತಿತ್ತು. ಆಗಿದ್ದಿಷ್ಟು. ಕಾರು ಕಾರ್ಖಾನೆಯ ಕೆಲಸಗಾರನೊಬ್ಬ ಹೃದಯದ ಕಾಯಿಲೆಯಿಂದ ಅಪ್ಪನ ವಾರ್ಡಿನಲ್ಲಿದ್ದ. ಅವನು ಉಳಿಯುವುದಿಲ್ಲ, ಹೆಚ್ಚೆಂದರೆ ಸಂಜೆಯವರೆಗೆ ಎಂದು ಅಪ್ಪನಿಗೆ ಬೆಳಿಗ್ಗೆಯೇ ಗೊತ್ತಾಯಿತು. ಮಧ್ಯಾಹ್ನ ಅವನ ಹೆಂಡತಿ ಕೆಲಸದಿಂದ ಓಡಿಬಂದಳು, ಇನ್ನೂ ಕೋಟು ಬಿಚ್ಚಿರಲಿಲ್ಲ. ಅಪ್ಪ ಅವಳನ್ನು ಕೇಳಿದ ಮೊದಲ ಪ್ರಶ್ನೆ, ಊಟ ಆಯಿತೇ ಎಂದು. ಇಲ್ಲ ಎಂದಳು. ಹಾಗಾದರೆ ಕೆಳಗೆ ಕ್ಯಾಂಟೀನಿಗೆ ಹೋಗಿ ಏನಾದರೂ ತಿಂದು ಬನ್ನಿ, ಆಮೇಲೆ ಮಾತಾಡೋಣ ಎಂದು ಅಪ್ಪ ನಯವಾಗಿ ಹೇಳಿ ಕಳಿಸಿದರು. ಡಾಕ್ಟರೇ ಊಟ ಮಾಡಿ ಬಾ ಎಂದಮೇಲೆ ಗಂಡ ಹುಷಾರಾಗಿದ್ದಾನೆ ಎಂದೇ ಅವಳು ತಿಳಿದಳು. ಅರ್ಧ ಸ್ಯಾಂಡ್‌ವಿಚ್ಚನ್ನು ಗಂಡನಿಗೆಂದು ಕಾಗದದಲ್ಲಿ ಸುತ್ತಿಕೊಂಡು ಮೇಲೆ ಬರುವಷ್ಟರಲ್ಲಿ ಅವನು ಹೋಗಿಬಿಟ್ಟಿದ್ದ.

ಇದನ್ನು ಅಪ್ಪ ಅಡುಗೆಮನೆಯಲ್ಲಿ, ಟೈ ಕೂಡ ಬಿಚ್ಚದೆ ನಿಂತು ಹೇಳಿದ್ದು ನನಗೆ ನೆನಪಿದೆ. ಅಮ್ಮ ಹುರುಳಿಕಾಯಿ ಹೆಚ್ಚುತ್ತಿದ್ದಳು. ಅವಳಿಗೆ ತಪ್ಪೆಲ್ಲಿದೆ ಎಂದೇ ತಿಳಿಯಲಿಲ್ಲ.

"ಅದ್ರಲ್ಲೇನ್ರೀ ತಪ್ಪು? ಹಸಿದ ಹೊಟ್ಟೇಲಿರೋರಿಗೆ ಯಾರಾದ್ರೂ ಅಂಥ ಸುದ್ದಿ ಹೇಳ್ತಾರಾ?"

"ಅವಳು ಅವನ ಕೈ ಹಿಡ್ಕೊಂಡು ಕೂತಿರಬೋದಿತ್ತು," ಎಂದರು ಅಪ್ಪ. "ನಾನು ಅವಳನ್ನ ಸ್ಯಾಂಡ್‌ವಿಚ್ ತಿನ್ನೋಕೆ ಕಳಿಸ್ದೆ."

ಅಮ್ಮನ ಮಾತನ್ನು ತೆಗೆದುಹಾಕುವಂತಿಲ್ಲ. ನಮ್ಮ ಕಡೆಯ ಪದ್ಧತಿಯೇ ಅದು. ಸಾವಿನ ಸುದ್ದಿ ತಂದವನು ಸೀದಾ ಬಾಯಿ ಬಿಡುವುದಿಲ್ಲ. ಬರುತ್ತಾನೆ, ಕಾಲು ತೊಳೆಯುತ್ತಾನೆ, ಈ ಸಲದ ಮಾವಿನಮಿಡಿ ಹೇಗಿದೆ ಎಂದು ಕೇಳುತ್ತಾನೆ. ಊಟ ಮುಗಿಯಲಿ ಎಂದು ಕಾಯುತ್ತಾನೆ. ಕೈ ತೊಳೆದು ಬಂದಮೇಲೆ, "ಯಾಕೋ ಸ್ವಲ್ಪ ಸೀರಿಯಸ್ಸಂತೆ," ಎಂದು ಶುರುಮಾಡುತ್ತಾನೆ, ಅತ್ತ ಬೆಳಿಗ್ಗೆಯೇ ಪ್ರಾಣ ಹೋಗಿದ್ದರೂ. ದೀಪ ಆರಿಸು ಎನ್ನದೆ ದೀಪ ದೊಡ್ಡದು ಮಾಡು ಎನ್ನುವ ಜನ ನಾವು. ಅಂಥ ಮನೆಯಲ್ಲಿ ಬೆಳೆದ ಅಪ್ಪ ಕರುಣೆಯೆಂದುಕೊಂಡು ಮಾಡಿದ ಕೆಲಸ ಆ ಹೆಂಗಸಿಗೆ ಕ್ರೌರ್ಯವಾಯಿತು. ಅವಳು ದೂರು ಕೊಟ್ಟಳು. ವಿಭಾಗದ ಮುಖ್ಯಸ್ಥರು ಅಪ್ಪನನ್ನು ಕರೆದು, ನಿನ್ನ ವೈದ್ಯಕೀಯದಲ್ಲಿ ಕೊರತೆಯಿಲ್ಲ, ಆದರೆ ರೋಗಿಯ ಮನೆಯವರಿಗೆ ನಿಜ ಹೇಳಲಾರದವನನ್ನು ನಾನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಲಾರೆ, ವಸಂತದವರೆಗೆ ನೋಡುತ್ತೇನೆ ಎಂದರು. ಮುಂದಿನ ವರ್ಷವಿಲ್ಲವೆಂದರೆ ಗಂಟುಮೂಟೆ ಕಟ್ಟುವುದೇ.

ಅಪ್ಪನಿಗೆ ಗುರು ಬೇಕಾಗಿದ್ದರು. ಸಿಕ್ಕವರು ದೊಡ್ಡ ಡಾಕ್ಟರು. ಆದರೆ ಸಂಜೆ ನಾಲ್ಕಕ್ಕೆ ಅಪ್ಪ ಮನೆಯಲ್ಲಿರುವುದು ಅಪರೂಪ, ಟೀವಿಯ ಕಾರ್ಯಕ್ರಮ ಹಿಡಿದಿಡುವ ಯಂತ್ರಗಳಿನ್ನೂ ನಮ್ಮಂಥವರ ಮನೆಗೆ ಬಂದಿರಲಿಲ್ಲ. ಹಾಗಾಗಿ ಆ ಯಂತ್ರ ನಾನಾದೆ. ಸ್ಕೂಲಿನಿಂದ ಬಂದವಳೇ ಅಜ್ಜಿಯ ಪಕ್ಕ ಕುಳಿತು, ಅವಳಿಗೆ ಕನ್ನಡದಲ್ಲಿ ಕಥೆ ಒಪ್ಪಿಸುತ್ತಾ, ಡಾಕ್ಟರು ಕೆಟ್ಟ ಸುದ್ದಿ ಹೇಳುವ ದೃಶ್ಯ ಬಂದಾಗ ಬಾಯಿ ಮುಚ್ಚಿ ನೋಡುತ್ತಿದ್ದೆ. ಅಪ್ಪ ಬಂದಮೇಲೆ ಅದನ್ನು ಹಾಗೇ ಆಡಿ ತೋರಿಸಬೇಕು. ಒಂಬತ್ತು ವರ್ಷದ ಹುಡುಗಿ ಅಪ್ಪನ ಕೋಟು ಹಾಕಿಕೊಂಡು ಪಾಠ ಹೇಳುವುದು, ಎದುರಿಗೆ ಎಂ.ಡಿ. ಮಾಡಿದ ಮನುಷ್ಯ ಕೈಕಟ್ಟಿ ನಿಂತು ಕೇಳುವುದು! ಪಾಠ ಮಾತ್ರ ಬದಲಾಗುತ್ತಿರಲಿಲ್ಲ. ದೊಡ್ಡ ಡಾಕ್ಟರು ಎಂದೂ ನಿಂತು ಹೇಳುವುದಿಲ್ಲ. ಕುರ್ಚಿ ಎಳೆದುಕೊಳ್ಳುತ್ತಾರೆ, ಕೂರುತ್ತಾರೆ. ಕನ್ನಡಕ ತೆಗೆಯುತ್ತಾರೆ. ಎದುರಿನವರ ಹೆಗಲ ಆಚೆ ಎಲ್ಲೋ ನೋಡುತ್ತಾ ಒಂದು ಗಳಿಗೆ ಸುಮ್ಮನಿರುತ್ತಾರೆ. ಆಮೇಲೆ ಒಂದೇ ವಾಕ್ಯ. ಅದರಲ್ಲಿ ಆದರೆ, ಬಹುಶಃ, ದೇವರ ದಯೆ ಯಾವುದೂ ಇರುವುದಿಲ್ಲ.

ಅಭ್ಯಾಸಕ್ಕೆ ರೋಗಿ ಬೇಕಲ್ಲ. ಮೊದಲ ದಿನ ಅಪ್ಪ ಅಮ್ಮನನ್ನು ಸೋಫಾದಲ್ಲಿ ಕೂರಿಸಿ, "ನಿಮ್ಮ ಯಜಮಾನರು ಉಳಿಯೋದಿಲ್ಲ," ಎಂದರು. ದೇವರ ಗೂಡಿನ ಮುಂದೆ ಬತ್ತಿ ಹೊಸೆಯುತ್ತಿದ್ದ ಅಜ್ಜಿ ಹಾರಿಬಿದ್ದಳು.

"ಬಿಡ್ತು ಅನ್ನೋ! ಮುಸ್ಸಂಜೆ ಹೊತ್ತು, ಅಸ್ತು ದೇವತೆಗಳು ಓಡಾಡ್ತಿರ್ತಾರೆ. ಅವಳ ಯಜಮಾನ ನೀನೇ ಅಲ್ವೇನೋ ಮುಟ್ಠಾಳ!"

"ಅಮ್ಮಾ, ಲಿವೋನಿಯಾದಲ್ಲಿ ಅಸ್ತು ದೇವತೆಗಳಿರಲ್ಲ."

"ಯಾಕೆ, ಅವಕ್ಕೇನು ವೀಸಾ ಬೇಕಾ?"

ಆಡಿದ್ದಕ್ಕೆಲ್ಲ ಅಸ್ತು ಎಂದುಬಿಡುವ ದೇವತೆಗಳಿಗೆ ಕೊನೆಗೆ ಅಜ್ಜಿಯೇ ಉಪಾಯ ಕಂಡುಹಿಡಿದಳು. ಅಕ್ಟೋಬರು ತಿಂಗಳು, ಅಂಗಡಿಗಳ ಮುಂದೆ ಕುಂಬಳಕಾಯಿಯ ರಾಶಿ. ನಮ್ಮಲ್ಲಿ ದೃಷ್ಟಿಗೆ ಕುಂಬಳಕಾಯಿ ಒಡೆಯುವುದಿಲ್ಲವೇ, ಬರುವ ಕೇಡೆಲ್ಲ ಅದಕ್ಕೇ ತಗುಲಲಿ ಎಂದು ಒಂದು ದಪ್ಪ ಕಾಯಿ ತರಿಸಿ, ಕುಂಕುಮವಿಟ್ಟು, ಸೋಫಾದ ಮೇಲೆ ದಿಂಬಿಗೆ ಒರಗಿಸಿದಳು. ಅಂದಿನಿಂದ ಅಪ್ಪ ದಿನಾ ಕುಂಬಳಕಾಯಿಗೆ ಕೆಟ್ಟ ಸುದ್ದಿ ಹೇಳಿದರು. ಕುಂಬಳಕಾಯಿಯ ಲಿವರ್ ಹೋಯಿತು, ಅದರ ತಾಯಿ ತೀರಿಕೊಂಡಳು, ಅದಕ್ಕೆ ಇನ್ನು ಮೂರೇ ತಿಂಗಳು. ಕೇಡು ಹೀರಿದ ಕಾಯಿಯನ್ನು ತಿನ್ನುವಂತಿಲ್ಲ, ಮೆತ್ತಗಾಗುತ್ತಲೇ ಹಿತ್ತಲಿಗೆ. ಒಳ್ಳೆಯ ಹುಳಿಯಾಗಬಹುದಾಗಿದ್ದ ಕಾಯಿಗಳು ಹೀಗೆ ಅಳಿಲುಗಳ ಪಾಲಾಗುತ್ತವಲ್ಲ ಎಂದು ಅಮ್ಮನಿಗೂ ಅಜ್ಜಿಗೂ ದಿನಾ ಜಗಳ. ನಡುವೆ ಅಪ್ಪ ಕುರ್ಚಿಯಲ್ಲಿ ಕೂತು ಕನ್ನಡಕ ತೆಗೆದು ಬೆವರುತ್ತಿದ್ದರು. ಪ್ರತಿ ಸಲ ಕೊನೆಯಲ್ಲಿ ಬಾಯಿತಪ್ಪಿ, "ಆದ್ರೂ ನೋಡೋಣ, ನೀವು ಮೊದ್ಲು ಏನಾದ್ರೂ ತಿನ್ನಿ," ಎಂದುಬಿಡುತ್ತಿದ್ದರು.

"ನೋ ಅಪ್ಪ! ಯು ಸೆಡ್ ಇಟ್ ಅಗೇನ್," ಎಂದು ನಾನು ಚೀರುತ್ತಿದ್ದೆ.

ಜನವರಿಯಲ್ಲಿ ಅಮ್ಮ ಪತ್ರಿಕೆಯಲ್ಲಿ ಒಂದು ಜಾಹೀರಾತು ನೋಡಿದಳು. ಹೈವೇ ಎಕ್ಸಿಟ್ಟಿನ ಪಕ್ಕ ಊಟ ಮಾಡುತ್ತಾ ನಾಟಕ ನೋಡುವ ಒಂದು ಥಿಯೇಟರಿತ್ತು. ಅಲ್ಲಿಗೆ ಒಂದು ಹಾಸ್ಯ ನಾಟಕದಲ್ಲಿ ಮುದಿ ನ್ಯಾಯಾಧೀಶನ ಪಾತ್ರ ಮಾಡಲು ಯಾರು ಬಂದಿದ್ದಾರೆ ಎಂದುಕೊಂಡಿರಿ? ಸಾಕ್ಷಾತ್ ದೊಡ್ಡ ಡಾಕ್ಟರೇ. ಅಪ್ಪ ಒಬ್ಬರೇ ಹೋಗಿ ನೋಡಿಬಂದರು. ಜನ ಮಾಂಸ ಕತ್ತರಿಸುವ ಸದ್ದಿನಲ್ಲಿ ಅವರ ಅರ್ಧ ಮಾತು ಕೇಳಿಸಲೇ ಇಲ್ಲವಂತೆ. ನಾಟಕ ಮುಗಿದಮೇಲೆ ಅಪ್ಪ ಹಿಂಬಾಗಿಲ ಹತ್ತಿರ ಕಾದಿದ್ದು, ಸೋಮವಾರ ನಾಟಕಕ್ಕೆ ರಜವಲ್ಲವೇ, ನಮ್ಮ ಮನೆಗೆ ಊಟಕ್ಕೆ ಬನ್ನಿ ಎಂದು ಕರೆದೇಬಿಟ್ಟರು. ವಾರಗಟ್ಟಲೆ ಮೋಟೆಲಿನಲ್ಲಿ ಬ್ರೆಡ್ಡು ತಿಂದಿದ್ದ ಮುದುಕ, "ಮನೆಯ ಊಟವೇ?" ಎಂದು ಒಂದೇ ಮಾತು ಕೇಳಿ ಒಪ್ಪಿಕೊಂಡರಂತೆ.

ಶೂನ್ಯ ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸಿನ, ಉಸಿರೂ ಹೆಪ್ಪುಗಟ್ಟುವ ಚಳಿಯಲ್ಲಿ ಅವರು ನಮ್ಮ ಕಾರಿನಿಂದ ಇಳಿದದ್ದನ್ನು ಅಜ್ಜಿಯೂ ನಾನೂ ಕಿಟಕಿಗೆ ಮೂಗು ಒತ್ತಿ ನೋಡಿದೆವು. ಟೀವಿಯಲ್ಲಿದ್ದುದಕ್ಕಿಂತ ಗಿಡ್ಡ. ಹಿಮ ಮೆಟ್ಟುತ್ತಾ ಬಾಗಿಲವರೆಗೆ ಬರುವುದಕ್ಕೆ ಅಪ್ಪನ ತೋಳು ಹಿಡಿಯಬೇಕಾಯಿತು.

"ದೊಡ್ಡ ಡಾಕ್ಟ್ರಿಗೆ ಮಂಡಿ ನೋವಿದೆ," ಎಂದಳು ಅಜ್ಜಿ. ನಾವು ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಊಟದ ಮೇಜಿನಲ್ಲಿ ಎರಡು ದೇಶಗಳ ಮರ್ಯಾದೆ ಡಿಕ್ಕಿ ಹೊಡೆಯಿತು. ಬಡತನದಲ್ಲಿ ಬೆಳೆದ ಅವರಿಗೆ ತಟ್ಟೆಯಲ್ಲಿ ಅಗುಳೂ ಬಿಡಬಾರದೆಂದು ತಾಯಿ ಕಲಿಸಿದ್ದಳಂತೆ. ಅತಿಥಿಯ ತಟ್ಟೆ ಖಾಲಿಯಾದರೆ ಆ ಮನೆಯೊಡತಿಯ ಮಾನ ಹೋಯಿತೆಂದು ಅಮ್ಮನಿಗೆ ಅವಳ ತಾಯಿ ಕಲಿಸಿದ್ದಳು. ಅವರು ಬಳಿದು ತಿಂದಷ್ಟೂ ಇವಳು ಬಡಿಸಿದಳು, ಇವಳು ಬಡಿಸಿದಷ್ಟೂ ಅವರು ತಿಂದರು. ಚಿತ್ರಾನ್ನ, ಹುಳಿ, ಕೋಸಂಬರಿ, ಒಬ್ಬಟ್ಟಿನ ಮೇಲೆ ಒಬ್ಬಟ್ಟು. ಹಣೆಯಲ್ಲಿ ಬೆವರು ಬಂದರೂ ಮನುಷ್ಯ ಸೋಲಲಿಲ್ಲ. ಒಂದು ಸಿನಿಮಾದಲ್ಲಿ ಬೀನ್ಸ್ ಕಾಳು ತಿನ್ನುವ ದೃಶ್ಯ ಬೆಳಗಿನಿಂದ ಸಂಜೆವರೆಗೆ ತೆಗೆದರು, ಇದು ಅದಕ್ಕಿಂತ ರುಚಿಯಾಗಿದೆ ಎಂದರು. ಕೊನೆಗೆ ಅಜ್ಜಿಯೇ ಕನಿಕರಪಟ್ಟು ಅವರ ತಟ್ಟೆಯ ಮೇಲೆ ತನ್ನ ಎರಡೂ ಕೈ ಅಡ್ಡ ಹಿಡಿದಳು. ಅಜ್ಜಿಯ ತಟ್ಟೆಯಲ್ಲಿ ಎಂದಿನಂತೆ ಒಬ್ಬಟ್ಟಿರಲಿಲ್ಲ. ಅವಳು ಅದನ್ನು ಮುಟ್ಟುತ್ತಿರಲಿಲ್ಲ. ಹಲ್ಲಿನ ತೊಂದರೆ ಎಂದು ನಾವಂದುಕೊಂಡಿದ್ದೆವು.

ಮೊಸರನ್ನದ ನಂತರ ಅಪ್ಪ ಗಂಟಲು ಸರಿಮಾಡಿಕೊಂಡರು. ತಿಂಗಳುಗಳಿಂದ ಒಳಗೇ ಇಟ್ಟುಕೊಂಡಿದ್ದ ಪ್ರಶ್ನೆ. ಕೆಟ್ಟ ಸುದ್ದಿ ಹೇಳುವ ಮುಂಚೆ ನೀವು ಯಾವಾಗಲೂ ಕೂರುತ್ತೀರಿ, ಇದನ್ನು ಎಲ್ಲಿ ಕಲಿತಿರಿ, ಯಾವ ವೈದ್ಯರನ್ನು ನೋಡಿ ಕಲಿತಿರಿ ಎಂದು ಕೇಳಿದರು. ಮುದುಕ ಅಪ್ಪನನ್ನು ನೋಡಿ, ಆಮೇಲೆ ತಮ್ಮ ಕಾಲು ನೋಡಿಕೊಂಡರು. ಅವರಾಡಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ.

"ಕಲಿಯೋದೇನು ಬಂತು? ಹುಡುಗನಾಗಿದ್ದಾಗ ಒಂದು ಸಿನಿಮಾದಲ್ಲಿ ಕುದುರೆಯಿಂದ ಬಿದ್ದೆ, ಮಂಡಿ ಹೋಯಿತು. ಆ ಬಿಸಿ ದೀಪಗಳ ಕೆಳಗೆ ನಿಂತು ಮಾತಾಡೋಕೆ ಆಗ್ತಿರಲಿಲ್ಲ. ಕುರ್ಚಿ ಕೊಡಿ ಅಂತ ನಿರ್ದೇಶಕರನ್ನ ಬೇಡಿಕೊಂಡೆ."

"ಆ ಮೌನ? ಹೇಳೋಕೆ ಮುಂಚೆ ಪಕ್ಕಕ್ಕೆ ನೋಡ್ತಾ ಸುಮ್ನಿರೋದು?" ಅಪ್ಪನ ದನಿ ಸಣ್ಣಗಾಗಿತ್ತು.

"ನನಗೆ ಮಾತು ನೆನಪಿರ್ತಿರಲಿಲ್ಲ. ದೊಡ್ಡ ಅಕ್ಷರದಲ್ಲಿ ಬರೆದ ರಟ್ಟು ಹಿಡ್ಕೊಂಡು ಒಬ್ಬಳು ಪಕ್ಕದಲ್ಲಿ ನಿಂತಿರ್ತಿದ್ದಳು. ಅವಳು ರಟ್ಟು ತಿರುಗಿಸೋವರೆಗೂ ಕಾಯ್ತಿದ್ದೆ."

ಅಜ್ಜಿಗೆ ಅನುವಾದ ಬೇಕಿತ್ತು, ಹೇಳಿದೆ. "ನಾನು ಆಗ್ಲೇ ಹೇಳಲಿಲ್ವಾ, ಮಂಡಿ ನೋವು ಅಂತ!" ಎಂದು ಎದ್ದು ಎಣ್ಣೆಯ ಸೀಸೆ ಹುಡುಕಲು ಹೋದಳು. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಗು ತಡೆಯಲು ಪಟ್ಟ ಪಾಡು ಹೇಳತೀರದು. ಅಪ್ಪ ಮಾತ್ರ ನಗಲಿಲ್ಲ. ಗುರುವೆಂದು ನಂಬಿ ತಿಂಗಳುಗಟ್ಟಲೆ ಒಬ್ಬ ಕುಂಟನ ಕುಂಟು ಕಲಿತವನ ಮುಖ ಅದು. ನನಗೆ ಆ ಮುದುಕನ ಮೇಲೆ ಸಿಟ್ಟು ಬಂತು, ಸುಳ್ಳಾದರೂ ಹೇಳಬಾರದಾಗಿತ್ತೇ ಎಂದು.

ಹೊರಡುವಾಗ ಅವರು ಸೋಫಾದ ಮೇಲೆ ಕುಂಕುಮ ಹಚ್ಚಿಕೊಂಡು ಕುಳಿತಿದ್ದ ಕುಂಬಳಕಾಯಿಯನ್ನು ನೋಡಿದರು. ಅಪ್ಪ ನಾಚಿಕೊಂಡು ಬಾಯಿ ಬಿಡಲಿಲ್ಲ. ನಾನೇ ಎಲ್ಲವನ್ನೂ ಹೇಳಿದೆ, ಸ್ಯಾಂಡ್‌ವಿಚ್ಚಿನ ಹೆಂಗಸಿನ ಸಮೇತ. ಅವರು ನಗಲಿಲ್ಲ. ಕುರ್ಚಿ ಎಳೆದು ಕುಂಬಳಕಾಯಿಯ ಎದುರು ಕುಳಿತರು. ಕನ್ನಡಕ ತೆಗೆದರು. ನಾವು ನಾಲ್ವರೂ ಉಸಿರು ಹಿಡಿದು ನಿಂತೆವು, ದೊಡ್ಡ ಡಾಕ್ಟರು ನಮ್ಮ ಮನೆಯಲ್ಲೇ ಈಗ ಹೇಳುತ್ತಾರೆ ಎಂದು. ಅವರು ಪಕ್ಕಕ್ಕೆ ನೋಡಿದರು. ಅಲ್ಲಿ ರಟ್ಟು ಹಿಡಿದವರು ಯಾರೂ ಇರಲಿಲ್ಲ.

"ನನ್ನ ಹೆಂಡತಿಗೆ ಹೇಳಬೇಕಾಗಿ ಬಂತು," ಎಂದರು, ಅಪ್ಪನ ಕಡೆ ತಿರುಗದೆ. "ಡಾಕ್ಟರು ನನಗೇ ಬಿಟ್ಟರು, ನೀವಾದರೆ ಚೆನ್ನಾಗಿ ಹೇಳ್ತೀರಿ ಅಂತ. ನಾನು ಕಿಟಕಿ ಹತ್ತಿರ ನಿಂತ್ಕೊಂಡು ಹವಾಮಾನದ ಬಗ್ಗೆ ಮಾತಾಡಿದೆ. ಕೊನೇವರೆಗೂ ಬರೀ ಹವಾಮಾನ. ನೀವು ಇಷ್ಟಾದರೂ ಕಷ್ಟಪಡ್ತಿದ್ದೀರಲ್ಲ ಡಾಕ್ಟರ್."

ಅಜ್ಜಿ ಅವರ ಕೈಗೆ ನೋವಿನೆಣ್ಣೆಯ ಸೀಸೆ ಕೊಟ್ಟು, ಎರಡು ಹೊತ್ತೂ ಬಿಸಿ ಮಾಡಿ ಹಚ್ಚಬೇಕೆಂದು ನನ್ನಿಂದ ಹೇಳಿಸಿದಳು. ಮರುದಿನದಿಂದ ಅಪ್ಪ ಅಭ್ಯಾಸ ನಿಲ್ಲಿಸಿದರು. ಕುಂಬಳಕಾಯಿ ಹೊರಗೆ ಹೋಯಿತು. ನಾಲ್ಕು ಗಂಟೆಯ ದೃಶ್ಯ ಆಡಿ ತೋರಿಸಲೇ ಎಂದರೆ, "ಬೇಡಮ್ಮ, ಅದು ನಾಟಕ," ಎನ್ನುವರು. ಅಮ್ಮ ಸದ್ದಿಲ್ಲದೆ ಬೇಸ್‌ಮೆಂಟಿನಿಂದ ಸೂಟ್‌ಕೇಸುಗಳನ್ನು ಮೇಲೆ ತಂದು ಧೂಳು ಒರೆಸಿಟ್ಟಳು. ಅಜ್ಜಿಗೆ ಒಳಗೊಳಗೇ ಖುಷಿ. ಮೈಸೂರಿನಲ್ಲಿ ಅವಳಿಗೊಬ್ಬಳು ತಂಗಿಯಿದ್ದಳು, ಸರೋಜಜ್ಜಿ. ಬೇಸಿಗೆಗೆ ವಾಪಸಾದರೆ ಸರೋಜನ ಜೊತೆ ಹಪ್ಪಳ ಒತ್ತಬಹುದೆಂದು ಲೆಕ್ಕ ಹಾಕತೊಡಗಿದ್ದಳು.

ಮಾರ್ಚಿನಲ್ಲಿ ಒಂದು ಏಕಾದಶಿಯ ದಿನ, ಅಜ್ಜಿ ಉಪವಾಸವಿದ್ದಳು, ಮೈಸೂರಿನಿಂದ ಫೋನು ಬಂತು. ಅಜ್ಜಿ ಸ್ನಾನಕ್ಕೆ ಹೋಗಿದ್ದಳು, ನನಗೆ ಸ್ಕೂಲಿಗೆ ರಜ. ರಜೆಯಲ್ಲಿದ್ದ ಅಪ್ಪ ಮಾತಾಡಿ ಫೋನಿಟ್ಟು ಗೋಡೆಗೊರಗಿದರು. ಸರೋಜಜ್ಜಿ ಹೋಗಿಬಿಟ್ಟಿದ್ದಳು. ಅಮ್ಮ ನನ್ನ ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದಳು.

"ಇವತ್ತು ಬೇಡ್ರೀ. ನಿನ್ನೆಯಿಂದ ಒಂದು ತುತ್ತು ತಿಂದಿಲ್ಲ. ನಾಳೆ ಪಾರಣೆ ಆಗ್ಲಿ, ಹೊಟ್ಟೆ ತುಂಬಾ ಊಟ ಮಾಡ್ಲಿ, ಆಮೇಲೆ ಹುಷಾರಿಲ್ವಂತೆ ಅಂತ ಶುರು ಮಾಡೋಣ."

ಅಪ್ಪ ಮನೆಯೆಲ್ಲ ಓಡಾಡಿದರು. ಅಜ್ಜಿ ಜಪ ಮುಗಿಸಿ, ಸರೋಜನಿಗೆಂದು ಕೊಂಡಿದ್ದ ಸ್ವೆಟರನ್ನು ಮಡಿಸಿಟ್ಟು, ನಾಲ್ಕಕ್ಕೆ ಸರಿಯಾಗಿ ಟೀವಿ ಮುಂದೆ ಕುಳಿತಳು. ದೊಡ್ಡ ಡಾಕ್ಟರು ಕಾರಿಡಾರಿನಲ್ಲಿ ನಡೆದು ಬರುತ್ತಿದ್ದರು. ಅಪ್ಪ ಬಂದು ಟೀವಿ ಆರಿಸಿದರು.

"ಯಾಕೋ? ಈಗಿನ್ನೂ ಬಂದ್ರು ಅವರು," ಎಂದಳು ಅಜ್ಜಿ.

ಅಪ್ಪ ಊಟದ ಮೇಜಿನಿಂದ ಕುರ್ಚಿ ಎಳೆದು ತಂದು, ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕುಳಿತರು. ಕನ್ನಡಕ ತೆಗೆದರು. ಸುಮ್ಮನಿದ್ದರು. ಆ ಮೌನ ನಾನು ಕಲಿಸಿದ್ದಲ್ಲ, ಅವರ ತುಟಿ ನಡುಗುತ್ತಿತ್ತು.

"ಅಮ್ಮಾ, ಸರೋಜ ಚಿಕ್ಕಮ್ಮ ತೀರ್ಕೊಂಡ್ರು."

ಅಷ್ಟೇ. ಆದರೆ ಇಲ್ಲ, ನೋಡೋಣ ಇಲ್ಲ, ಏನಾದರೂ ತಿನ್ನು ಇಲ್ಲ. ಅಜ್ಜಿ ಒಂದು ಕ್ಷಣ ಆರಿದ ಟೀವಿಯನ್ನೇ ನೋಡಿದಳು. ಆಮೇಲೆ ಅಪ್ಪನ ಭುಜಕ್ಕೆ ಎರಡೂ ಕೈಯಿಂದ ಹೊಡೆಯತೊಡಗಿದಳು. "ಇವತ್ತೇ ಹೇಳ್ಬೇಕಾಗಿತ್ತೇನೋ? ತಡ್ಕೊಳ್ಳೋಕೆ ಆಗ್ಲಿಲ್ವೇನೋ ನಿಂಗೆ?" ಎಂದು ಕೂಗಿ ಅತ್ತಳು. ಅಮ್ಮ ಅಪ್ಪನನ್ನು ಸುಡುವಂತೆ ನೋಡಿದಳು. ಅಪ್ಪ ಏಳಲಿಲ್ಲ. ಹೊಡೆತ ನಿಂತಮೇಲೂ ಕೂತೇ ಇದ್ದರು, ಅಜ್ಜಿ ಅವರ ಕೈ ಹಿಡಿದುಕೊಳ್ಳುವವರೆಗೆ.

ಅಜ್ಜಿ ತಲೆಗೆ ನೀರು ಹಾಕಿಕೊಂಡು ಬಂದು, ಒದ್ದೆಕೂದಲು ಹರಡಿ ಹೀಟರಿನ ಪಕ್ಕ ಕುಳಿತಳು. ತಂಗಿಯ ಕಥೆ ಹೇಳಿದಳು, ಲಂಗ ಹರಿದದ್ದು, ಹುಣಸೆಹಣ್ಣು ಕದ್ದದ್ದು. ಮಾತಿನ ನಡುವೆ, ಯಾರೂ ಕೇಳದೆ, ಇದನ್ನೂ ಹೇಳಿದಳು.

"ನಮ್ಮಮ್ಮ ಹೋದಾಗ ನಂಗೆ ಒಬ್ಬಟ್ಟು ತಿನ್ಸಿದ್ರು. ಮದ್ವೆಯಾದ ಹೊಸದು, ಅತ್ತೆಮನೇಲಿದ್ದೆ. ಅವರಿಗೆಲ್ಲಾ ಬೆಳಿಗ್ಗೆನೇ ಗೊತ್ತಿತ್ತು. ತಿನ್ನಲಿ ಪಾಪ, ಆಮೇಲೆ ಹೇಳೋಣ ಅಂತ ಇನ್ನೊಂದು ಹಾಕಿದ್ರು, ತುಪ್ಪ ಹಾಕಿದ್ರು. ನಮ್ಮಮ್ಮ ಅಲ್ಲಿ ನೆಲದ ಮೇಲೆ ಮಲಗಿದ್ಲು. ನಾನಿಲ್ಲಿ ನಗ್ತಾ ತಿಂದೆ." ಆಮೇಲೆ ಅಪ್ಪನತ್ತ ನೋಡಿ, "ನೀನು ಸರಿಯಾಗ್ ಹೇಳ್ದೆ ಬಿಡು," ಎಂದಳು.

ಅಪ್ಪ ತಲೆ ತಗ್ಗಿಸಿ ಮಕ್ಕಳ ಹಾಗೆ ಅತ್ತರು. ಅಮ್ಮನೂ ಅತ್ತಳು. ನನಗೆ ಅಂದು ಅರ್ಥವಾದದ್ದು ಇಷ್ಟೇ: ದೊಡ್ಡ ಡಾಕ್ಟರು ಮಂಡಿನೋವಿಗೆ ಕುಳಿತರೇನು, ನನ್ನ ಅಪ್ಪ ಅದಕ್ಕಾಗಿ ಕುಳಿತಿರಲಿಲ್ಲ.

ಆಸ್ಪತ್ರೆಯ ವಿಚಾರ ಆಮೇಲೆ ದೊಡ್ಡದಾಗಲಿಲ್ಲ. ವಸಂತದಲ್ಲಿ ಮುಖ್ಯಸ್ಥರು ಒಂದು ದಿನ ವಾರ್ಡಿನ ಬಾಗಿಲಲ್ಲಿ ನಿಂತು, ಅಪ್ಪ ಒಂದು ಕುಟುಂಬದೆದುರು ಕುರ್ಚಿ ಎಳೆದುಕೊಂಡದ್ದನ್ನು ನೋಡಿ, ಒಳಗೆ ಬಾರದೆ ಹೋದರಂತೆ. ಮುಂದಿನ ವರ್ಷಕ್ಕೆ ಅಪ್ಪನ ಹೆಸರು ಉಳಿಯಿತು, ಸೂಟ್‌ಕೇಸುಗಳು ಬೇಸ್‌ಮೆಂಟಿಗೆ ಇಳಿದವು, ಅಮ್ಮ ಒಬ್ಬಟ್ಟು ಮಾಡಿದಳು. ಅಜ್ಜಿ ಅಂದೂ ಅದನ್ನು ತಿನ್ನಲಿಲ್ಲ, ಅಂದು ಯಾರೂ ಅವಳಿಗೆ ಬಲವಂತ ಮಾಡಲಿಲ್ಲ. ಕೆಲವು ವರ್ಷಗಳ ನಂತರ ಒಂದು ಶನಿವಾರ ದೊಡ್ಡ ಡಾಕ್ಟರು ತೀರಿಕೊಂಡ ಸುದ್ದಿ ಟೀವಿಯಲ್ಲಿ ಬಂತು. ಅಜ್ಜಿ ತಲೆಗೆ ಸ್ನಾನ ಮಾಡಿ ಬಂದು, "ಹಾಗಾದ್ರೆ ಈ ಸಲ ಸೋಮವಾರ ಬರಲ್ಲ ಅನ್ನು," ಎಂದಳು. ಸೋಮವಾರ ನಾಲ್ಕಕ್ಕೆ ಅವರು ಬಂದರು. ಬಿಳಿಕೋಟು, ಕುರ್ಚಿ, ಕನ್ನಡಕ. ಅಜ್ಜಿ ಕೈಮುಗಿದಳು.

ಈಗ ನಾನೂ ಡಾಕ್ಟರು, ಡೆಟ್ರಾಯಿಟ್‌ನಿಂದ ದೂರದ ಲಿಸ್ಲ್ ಎಂಬ ಊರಿನಲ್ಲಿ ನನ್ನ ಕ್ಲಿನಿಕ್ಕು. ಅಜ್ಜಿ, ಅಮ್ಮ ಇಬ್ಬರೂ ಇಲ್ಲ. ಅಲ್ಲೇ ಹತ್ತಿರ ಪ್ಲೇನ್‌ಫೀಲ್ಡಿನ ನನ್ನ ಮನೆಯಲ್ಲಿ ಅಪ್ಪ ನನ್ನ ಜೊತೆ ಇದ್ದಾರೆ. ಬೆಳಗಾದರೆ ನಮ್ಮ ಬಡಾವಣೆಗೊಂದು ಸುತ್ತು ಹಾಕುತ್ತಾರೆ, ಶನಿವಾರ ಅರೋರಾದ ದೇವಸ್ಥಾನಕ್ಕೆ ಡ್ರೈವ್ ಮಾಡಿಸಿಕೊಂಡು ಹೋಗಿ ಪುಳಿಯೋಗರೆ ವಿಮರ್ಶೆ ಮಾಡುತ್ತಾರೆ. ಕಳೆದ ತಿಂಗಳು ಅವರ ಸ್ಕ್ಯಾನ್ ಆಯಿತು. ಅದನ್ನು ನೋಡಿದ ತಜ್ಞ, ಒಳ್ಳೆಯ ಹುಡುಗನೇ, ನನಗೆ ಫೋನು ಮಾಡಿ, ನೀವೂ ಡಾಕ್ಟರಲ್ಲವೇ, ಮನೆಯಲ್ಲಿ ನೀವೇ ಹೇಳುತ್ತೀರಾ ಎಂದ. ಹೇಳುತ್ತೇನೆ ಎಂದೆ. ಮನೆಗೆ ಬಂದವಳೇ ಅಡುಗೆಗೆ ನಿಂತೆ. ಮಧ್ಯಾಹ್ನ ಆಗಿತ್ತು, ಅಪ್ಪ ತಟ್ಟೆ ಹಾಕಿಕೊಂಡು ಕೂತಿದ್ದರು, ಟೊಮೇಟೊ ಸಾರು ಕುದಿಯುತ್ತಿತ್ತು. ಬಡಿಸೋಣ, ಊಟ ಆಗಲಿ, ಕೈ ತೊಳೆದು ಬರಲಿ, ಆಮೇಲೆ ಎಂದು ನನ್ನ ಕೈ ತಾನಾಗಿಯೇ ಸೌಟಿಗೆ ಹೋಯಿತು. ರಕ್ತ ಎಲ್ಲಿಗೆ ಹೋಗುತ್ತದೆ ಹೇಳಿ.

ಸೌಟು ಕೆಳಗಿಟ್ಟೆ. ಒಲೆ ಆರಿಸಿದೆ. ಅಪ್ಪನ ಪಕ್ಕದ ಕುರ್ಚಿ ಎಳೆದು, ಅವರೆದುರಿಗೆ ತಿರುಗಿಸಿಕೊಂಡು ಕುಳಿತೆ. ಕನ್ನಡಕ ತೆಗೆದೆ. ಅವರ ಹೆಗಲ ಆಚೆ ಕಿಟಕಿಯಲ್ಲಿ ಪಕ್ಕದ ಮನೆಯವರ ಮೇಪಲ್ ಮರ ಕಾಣುತ್ತಿತ್ತು, ಅದನ್ನೇ ನೋಡಿದೆ. ಅಪ್ಪ ನನ್ನನ್ನು ನೋಡಿದರು, ಕುರ್ಚಿಯನ್ನು ನೋಡಿದರು, ಖಾಲಿ ತಟ್ಟೆಯನ್ನು ನೋಡಿದರು.

"ಏನಮ್ಮಾ," ಎಂದರು ನಗುತ್ತಾ, "ಮಂಡಿ ನೋವಾ?"

ನಾನು ಹೇಳಿದೆ. ಒಂದೇ ವಾಕ್ಯದಲ್ಲಿ ಹೇಳಿದೆ. ಹೇಳುವಾಗ ಅವರ ಕಣ್ಣನ್ನೇ ನೋಡಿ ಹೇಳಿದೆ. ಅಪ್ಪ ಮೇಜಿನ ಮೇಲಿದ್ದ ನನ್ನ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡು, ನಾಡಿ ನೋಡುವವರಂತೆ ಹಿಡಿದುಕೊಂಡರು.

"ಸರಿಯಾಗ್ ಹೇಳ್ದೆ," ಎಂದರು. "ಈಗ ಬಡಿಸು. ಸಾರು ಆರಿಹೋಗತ್ತೆ."